ಭಜನೆ ಮನೆಯಲ್ಲಿ ಮೆಕ್ಕೆಜೋಳ

ನಮ್ಮೂರ ಭಜನೆ ಮನೆಯಲ್ಲಿ ಈಗ ಭಜನೆ ಇಲ್ಲ, ಮೆಕ್ಕೆಜೋಳದ ಚೀಲಗಳಿವೆ. ಹೋದ ಸಲ ಊರಿಗೆ ಹೋದಾಗ ಇದೇನು ಹೀಗೆ ಅಂತ ಅಪ್ಪನನ್ನು ಕೇಳಿದೆ. "ಚೀಲ ಇಡೋರು ವರ್ಷ ವರ್ಷ ಹೆಂಚು ಕೈಯಾಡಿಸ್ತಾರೆ ಕಣೋ. ಇಲ್ಲದಿದ್ರೆ ಯಾವತ್ತೋ ಬಿದ್ದೋಗಿರೋದು" ಅಂದರು.

ಯೂಸ್‌ನೆಟ್ ವಿಷಯದಲ್ಲಿ ನಾನೂ ಬಹಳ ದಿನ ಇದೇ ವಾದ ಹೂಡಿಕೊಂಡು ನೆಮ್ಮದಿಯಾಗಿದ್ದೆ.

ಯೂಸ್‌ನೆಟ್ ಅಂದರೆ ವೆಬ್‌ಗಿಂತ ಹಳೆಯ ಹರಟೆಕಟ್ಟೆ. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳಿಗೆ ಹೊಳೆದದ್ದು. ಇದಕ್ಕೆ ಯಜಮಾನ ಅಂತ ಯಾರೂ ಇಲ್ಲ. ಒಂದು ಸರ್ವರ್‌ಗೆ ಬಂದ ಬರಹವನ್ನು ಅದು ಪಕ್ಕದ ಸರ್ವರ್‌ಗೆ ದಾಟಿಸುತ್ತದೆ, ಅಷ್ಟೇ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ತಾನು ಬರೀತಿರೋ ಆಪರೇಟಿಂಗ್ ಸಿಸ್ಟಮ್ ಬಗ್ಗೆ ಮೊದಲು ಹೇಳಿಕೊಂಡಿದ್ದು ಇಲ್ಲೇ. ಇದು ಬರೀ ಅಕ್ಷರ ಸಾಗಿಸೋಕೆ ಮಾಡಿದ ದಾರಿ. ನಮ್ಮ ಜನ ಬಿಡ್ತಾರಾ? ಫೈಲನ್ನೇ ಅಕ್ಷರವಾಗಿ ಬದಲಾಯಿಸಿ, ತುಂಡು ತುಂಡು ಮಾಡಿ ಕಳಿಸೋಕೆ ಶುರು ಮಾಡಿದರು. ಆ ಕಡೆಯವರು ತುಂಡುಗಳನ್ನು ಜೋಡಿಸಿಕೊಂಡರೆ ಸಿನಿಮಾ ರೆಡಿ.

ಬೆಂಗಳೂರಿನಲ್ಲಿ ಮೊದಲ ಕೆಲಸ ಸಿಕ್ಕಾಗ, ಪಿಜಿ ರೂಮಿನಲ್ಲಿ ಕೂತು ನಾನೂ ಜೋಡಿಸಿಕೊಂಡೆ. ತಿಂಗಳಿಗಿಷ್ಟು ಅಂತ ಸರ್ವರ್‌ನವರಿಗೆ ಕಟ್ಟುತ್ತಿದ್ದೆ. ದುಡ್ಡು ಕೊಟ್ಟಮೇಲೆ ಕಳ್ಳತನ ಹೇಗಾಗುತ್ತೆ? ಸಿನಿಮಾ ಮಾಡಿದವನಿಗೆ ಅದರಲ್ಲಿ ಒಂದು ಪೈಸೆಯೂ ಹೋಗಲ್ಲ ಅಂತ ಗೊತ್ತಿತ್ತು. ನಾನು ಬರೆದ ಸಾಫ್ಟ್‌ವೇರ್ ಹೀಗೇ ಯಾರದೋ ರೂಮಿಗೆ ಇಳಿದರೆ ಅನ್ನೋ ಪ್ರಶ್ನೆಯನ್ನು ಮಾತ್ರ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಮೇಲಾಗಿ, ನಾವು ಕಟ್ಟೋ ದುಡ್ಡಿಂದಲೇ ಈ ಹಳೇ ಕಟ್ಟೆ ಉಳಿದಿದೆ ಅನ್ನೋ ಹೆಮ್ಮೆ ಬೇರೆ!

ಒಂದು ರಾತ್ರಿ ಸಿ ಭಾಷೆಯ ಗುಂಪಿನಲ್ಲಿ ಒಂದು ಸಂದೇಹ ಕೇಳಿದೆ. ಬೆಳಿಗ್ಗೆ ಎದ್ದು ನೋಡಿದರೆ ಯಾರೋ ಪುಟಗಟ್ಟಲೆ ಉತ್ತರ ಬರೆದಿದ್ದರು. ನನ್ನ ಪ್ರಶ್ನೆಯ ವಾಕ್ಯದಲ್ಲಿದ್ದ ತಪ್ಪನ್ನೂ ತಿದ್ದಿದ್ದರು. ಅವರೆಲ್ಲ ಇಲ್ಲಿಗೆ ಹೇಗೆ ಬರ್ತಾರೆ ಅಂತ ಹುಡುಕಿದೆ. ಎಟರ್ನಲ್ ಸೆಪ್ಟೆಂಬರ್ ಎಂಬ ಸರ್ವರ್ ಇದೆ. ಉಚಿತ. ಅಲ್ಲಿ ಫೈಲಿಗೆ ಜಾಗವಿಲ್ಲ, ಬರೀ ಮಾತು. ಮಾತಿಗೆ ಎಷ್ಟು ಜಾಗ ಬೇಕು ಹೇಳಿ?

ಅಂದರೆ ಭಾರವೆಲ್ಲ ನಮ್ಮದೇ. ಡ್ಯೂಕ್ ವಿಶ್ವವಿದ್ಯಾಲಯವೇ 2010ರಲ್ಲಿ ತನ್ನ ಯೂಸ್‌ನೆಟ್ ಸರ್ವರ್ ನಿಲ್ಲಿಸಿತು, ಬಳಸೋರು ಕಮ್ಮಿ, ಖರ್ಚು ಜಾಸ್ತಿ ಅಂತ. ಆ ಮಾತಾಡೋರಿಗೆ ನಮ್ಮ ಹೆಂಚು ಬೇಕೇ ಇರಲಿಲ್ಲ. ಅವರು ಪಕ್ಕದ ಜಗಲಿಯಲ್ಲಿ ಆರಾಮಾಗಿ ಕೂತಿದ್ದರು.

ಆ ತಿಂಗಳು ದುಡ್ಡು ಕಟ್ಟೋದು ನಿಲ್ಲಿಸಿದೆ. ಆಗ ಇಳಿಸಿಕೊಂಡ ಸಿನಿಮಾಗಳ ಹಾರ್ಡ್‌ಡಿಸ್ಕ್ ಮಾತ್ರ ಇನ್ನೂ ಬೀರುವಿನಲ್ಲಿದೆ. ಅಳಿಸಿಲ್ಲ.