ಕೂಲಿ ಕೇಳಿದ ಕಂಠ



ವೈದ್ಯರನ್ನು ಮೆಚ್ಚುವುದಕ್ಕೆ, ಉಪಾಧ್ಯಾಯರನ್ನು ಮೆಚ್ಚುವುದಕ್ಕೆ ನಾವು ಕಾರಣ ಕೊಡಬಲ್ಲೆವು. ಹಾಡುವವರ ದನಿಯಾದರೋ ಕಾರಣ ಕೇಳದೆ ಮನೆಯೊಳಗೆ ಬಂದು ಕೂರುತ್ತದೆ. ತಾಯಿ ಅಡಿಗೆ ಮಾಡುವಾಗ ರೇಡಿಯೋದಲ್ಲಿ, ಹೋಟೆಲಿನಲ್ಲಿ, ರಾತ್ರಿಯ ಬಸ್ಸಿನಲ್ಲಿ ಅದು ನಮ್ಮ ಜೊತೆಗಿರುತ್ತದೆ. ನಲವತ್ತು ಐವತ್ತು ವರ್ಷ ಹೀಗೆ ಜೊತೆಗಿದ್ದ ದನಿ ಒಂದು ಕಾಲದಲ್ಲಿ ಹಣದ ವಿಷಯಕ್ಕೆ ಜಗಳವಾಡಿತ್ತು ಎಂದು ತಿಳಿದಾಗ ಮನಸ್ಸಿಗೆ ಪೆಟ್ಟು ಬೀಳುತ್ತದೆ. 2022ರ ಫೆಬ್ರವರಿ 6ರಂದು ಲತಾ ಮಂಗೇಶ್ಕರ್ ತೀರಿಕೊಂಡ ಮೇಲೆ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಹೀಗೆಂದರು: "ಫಾದರ್, ಅವರು ಮೊಹಮ್ಮದ್ ರಫಿಯವರಂಥ ಸಾಧು ಮನುಷ್ಯರ ಜೊತೆ ದುಡ್ಡಿಗಾಗಿ ಮಾತು ಬಿಟ್ಟಿದ್ದರಂತೆ. ಹಾಡು ಈಗಲೂ ಕೇಳುತ್ತೇನೆ. ಆದರೆ ಮೊದಲಿನ ಗೌರವ ಉಳಿದಿಲ್ಲ."

ಈ ಮಾತನ್ನು ಸಿನಿಮಾದ ಹರಟೆಯೆಂದು ತಳ್ಳಿಹಾಕಬಾರದು. ಒಬ್ಬರ ಮೇಲಿನ ಗೌರವವನ್ನು ಹಿಂತೆಗೆದುಕೊಳ್ಳುವುದು ತೀರ್ಪು ಕೊಟ್ಟಂತೆ. ತೀರ್ಪು ಕೊಡುವವನು ಮೊದಲು ಸಂಗತಿ ಏನೆಂದು ತಿಳಿಯಬೇಕಲ್ಲವೇ?

ಜಗಳ ನಡೆದದ್ದು 1960ರ ದಶಕದ ಆರಂಭದಲ್ಲಿ, ಮುಂಬಯಿಯ ಹಿಂದಿ ಚಿತ್ರರಂಗದಲ್ಲಿ. ಒಂದು ಹಾಡಿಗೆ ಗಾಯಕರಿಗೆ ಸಿಗುತ್ತಿದ್ದುದು ಒಂದೇ ಸಲದ ಸಂಭಾವನೆ. ಆ ಹಾಡಿನ ತಟ್ಟೆಗಳು ಎಷ್ಟು ಸಾವಿರ ಮಾರಾಟವಾದರೂ, ರೇಡಿಯೋದಲ್ಲಿ ಎಷ್ಟು ವರ್ಷ ಮೊಳಗಿದರೂ ಚಿತ್ರದ ಕಡೆಯಿಂದ ಮತ್ತೆ ಒಂದು ಕಾಸೂ ಇಲ್ಲ. ಗ್ರಾಮಫೋನ್ ಕಂಪನಿಯಿಂದ ರಾಯಲ್ಟಿ ಹೋಗುತ್ತಿದ್ದುದು ನಿರ್ಮಾಪಕರಿಗೆ. ಅದರಲ್ಲಿ ಶೇಕಡಾ 5ನ್ನು ಅವರು ಕೆಲವು ದೊಡ್ಡ ಸಂಗೀತ ನಿರ್ದೇಶಕರಿಗೆ ಬಿಟ್ಟುಕೊಡುತ್ತಿದ್ದರು. ಆ ಐದರಲ್ಲಿ ಅರ್ಧ ಹಾಡಿದವರಿಗೂ ಬರಬೇಕು ಎಂಬುದು ಲತಾ ಅವರ ಬೇಡಿಕೆ. ಗಾಯಕರಲ್ಲಿ ಮುಂಚೂಣಿಯಲ್ಲಿದ್ದ ರಫಿಯವರು ಬೆಂಬಲಿಸಿದರೆ ನಿರ್ಮಾಪಕರು ಒಪ್ಪಲೇಬೇಕಾಗುತ್ತಿತ್ತು. ರಫಿಯವರು ಒಪ್ಪಲಿಲ್ಲ. ಮಾತಾಡಿಕೊಂಡ ಸಂಭಾವನೆ ಕೈಸೇರಿದ ಮೇಲೆ ನಮ್ಮ ಲೆಕ್ಕ ಮುಗಿಯಿತು. ಚಿತ್ರ ಗೆದ್ದರೆ ಲಾಭ ನಿರ್ಮಾಪಕರದು, ಸೋತರೂ ನಮ್ಮ ಹಣ ನಮಗೆ ಸಿಕ್ಕಿರುತ್ತದೆ ಎಂಬುದು ಅವರ ವಾದ. ಮಾತು ಬೆಳೆಯಿತು. ಇನ್ನು ಜೊತೆಯಾಗಿ ಹಾಡುವುದಿಲ್ಲ ಎನ್ನುವವರೆಗೆ ಹೋಯಿತು. ಮುಂದಿನ ಕೆಲವು ವರ್ಷ ರಫಿಯವರ ಜೊತೆ ಯುಗಳ ಗೀತೆಗಳನ್ನು ಹೆಚ್ಚಾಗಿ ಹಾಡಿದವರು ಸುಮನ್ ಕಲ್ಯಾಣಪುರ್ ಮೊದಲಾದವರು.

ರಫಿಯವರ ಮಾತು ಕೇಳಲು ಹಿತವಾಗಿದೆ. ಅವರ ಜೀವನವೂ ಅದಕ್ಕೆ ತಕ್ಕಂತೆ ಇತ್ತು. ಹೊಸ ಸಂಗೀತ ನಿರ್ದೇಶಕರಿಂದ ಹೆಸರಿಗಷ್ಟೇ ಹಣ ಪಡೆದು ಹಾಡಿಕೊಟ್ಟ ಕಥೆಗಳು ಹಲವು. ಇನ್ನು ಲತಾ? 1942ರಲ್ಲಿ ತಂದೆ ದೀನಾನಾಥ್ ತೀರಿಕೊಂಡಾಗ ಆಕೆಗೆ ಇನ್ನೂ ಹದಿಮೂರು ತುಂಬಿರಲಿಲ್ಲ. ಐವರು ಮಕ್ಕಳಲ್ಲಿ ಹಿರಿಯಳು. ಹಾಡುವುದು ಆಕೆಗೆ ಹವ್ಯಾಸವಾಗಿರಲಿಲ್ಲ, ಮನೆಯ ಅನ್ನವಾಗಿತ್ತು. 1949ರ 'ಮಹಲ್' ಚಿತ್ರದ ಹಾಡು ದೇಶವನ್ನೆಲ್ಲ ಸೆಳೆದಾಗ ತಟ್ಟೆಯ ಮೇಲೆ ಇದ್ದ ಹೆಸರು 'ಕಾಮಿನಿ', ಅಂದರೆ ತೆರೆಯ ಮೇಲಿನ ಪಾತ್ರದ ಹೆಸರು. ಹಾಡಿದವಳು ಯಾರೆಂದು ಜನ ರೇಡಿಯೋ ನಿಲಯಕ್ಕೆ ಬರೆದು ಕೇಳಬೇಕಾಯಿತು. ಫಿಲಂಫೇರ್ ಪ್ರಶಸ್ತಿಗಳಲ್ಲಿ ಹಿನ್ನೆಲೆ ಗಾಯಕರಿಗೆ ಸ್ಥಾನವೇ ಇರಲಿಲ್ಲ. ಹಾಗಿರುವಾಗ ಸಮಾರಂಭದಲ್ಲಿ ಬಂದು ಹಾಡುವುದಿಲ್ಲ ಎಂದವರು ಅವರು. 1959ರಲ್ಲಿ ಆ ಪ್ರಶಸ್ತಿ ಆರಂಭವಾಯಿತು. ಮೊದಲು ಹೆಸರು ಕೇಳಿದರು, ಬಳಿಕ ಸ್ಥಾನ ಕೇಳಿದರು, ಆಮೇಲೆ ಪಾಲು ಕೇಳಿದರು. ಇದನ್ನು ದುರಾಸೆ ಎನ್ನಬೇಕೇ?

ಪವಿತ್ರ ಗ್ರಂಥ ಈ ವಿಷಯದಲ್ಲಿ ಸಂಕೋಚಪಡುವುದಿಲ್ಲ. ದುಡಿಯುವವನು ತನ್ನ ಕೂಲಿಗೆ ಅರ್ಹನೆಂದು ಪ್ರಭು ಯೇಸುವೇ ತಮ್ಮ ಶಿಷ್ಯರಿಗೆ ಹೇಳಿದರು (ಲೂಕ 10:7). ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ದೇವರಿಗೆ ಮೊರೆಯಿಡುತ್ತದೆಂದು ಸಂತ ಯಕೋಬರ ಪತ್ರ ಎಚ್ಚರಿಸುತ್ತದೆ. ಆದರೆ ರಫಿಯವರ ವಾದಕ್ಕೆ ಇವು ಸಾಕಾದ ಉತ್ತರವಲ್ಲ, ಏಕೆಂದರೆ ಅವರು ಹೇಳಿದ್ದು ಒಪ್ಪಿದ ಕೂಲಿ ಸಿಕ್ಕಿದೆಯಲ್ಲ ಎಂದು. ಒಪ್ಪಂದವಾದ ಮಾತ್ರಕ್ಕೆ ನ್ಯಾಯ ಮುಗಿಯಿತೇ ಎಂಬ ಪ್ರಶ್ನೆಯನ್ನು ಜಗದ್ಗುರು ಹದಿಮೂರನೆಯ ಲಿಯೋ 1891ರ 'ರೇರುಂ ನೊವಾರುಂ' ಪರಿಪತ್ರದಲ್ಲಿ ನೇರವಾಗಿ ಎತ್ತಿಕೊಂಡರು. ಕೊಡುವವನೂ ಪಡೆಯುವವನೂ ಒಪ್ಪಿದ್ದರೂ ಆ ಒಪ್ಪಂದಕ್ಕಿಂತ ಹಿರಿದಾದ ಸಹಜ ನ್ಯಾಯವೊಂದಿದೆ. ಬೇರೆ ದಾರಿಯಿಲ್ಲದೆ ಕಡಿಮೆಗೆ ಒಪ್ಪಿಕೊಂಡವನು ಅನ್ಯಾಯಕ್ಕೆ ಗುರಿಯಾದವನೇ ಎಂದು ಅವರು ಬೋಧಿಸಿದರು. ಅವರ ಕಣ್ಣಮುಂದೆ ಇದ್ದುದು ಕಾರ್ಖಾನೆಯ ಕಾರ್ಮಿಕರು. ಧ್ವನಿಮುದ್ರಣದ ಕೋಣೆಗೂ ಆ ಮಾತು ಸಲ್ಲುತ್ತದೆ. ಲತಾ ಮತ್ತು ರಫಿ ಕೇಳಿದಷ್ಟು ಪಡೆಯಬಲ್ಲವರು. ಹೆಸರಾಗದ ಹಾಡುಗಾರ್ತಿ ಕೊಟ್ಟಷ್ಟು ತೆಗೆದುಕೊಂಡು ಹೋಗಬೇಕಿತ್ತು.

ಇಲ್ಲಿ ಧರ್ಮಸಭೆಯ ಹಳೆಯ ವಿವೇಕವೊಂದು ನೆರವಾಗುತ್ತದೆ. ಗುರುಮಠದಲ್ಲಿ ನಮಗೆ ಆಜ್ಞೆ ಮತ್ತು ಸಲಹೆ ಎಂಬ ಭೇದವನ್ನು ಕಲಿಸುತ್ತಿದ್ದರು. ಕದಿಯಬೇಡ ಎಂಬುದು ಆಜ್ಞೆ, ಅದು ಎಲ್ಲರಿಗೂ. ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ಹಿಂಬಾಲಿಸು ಎಂಬುದು ಸಲಹೆ. ಕರೆ ಬಂದವರು ಸ್ವಇಚ್ಛೆಯಿಂದ ಅಪ್ಪುವುದು. ಸಲಹೆಯನ್ನು ಆಜ್ಞೆಯಾಗಿಸಿ ಇನ್ನೊಬ್ಬರ ತಲೆಯ ಮೇಲೆ ಹೊರಿಸಿದಾಗ ಅದು ತ್ಯಾಗವಲ್ಲ, ಹೊರೆ. ರಫಿಯವರು ತಮ್ಮ ಪಾಲನ್ನು ಬಿಟ್ಟುಕೊಟ್ಟದ್ದು ಸುಂದರ. ಆದರೆ ಅವರ ನಿಲುವಿನಿಂದ ಬಿಟ್ಟುಹೋದದ್ದು ಅವರ ಪಾಲು ಮಾತ್ರವೇ? ಹಿಂದೆ ನಿಂತವರ ಪಾಲೂ ಅದರೊಡನೆ ಹೋಯಿತು.

ಸಂತ ಪೌಲರು ಈ ಸೂಕ್ಷ್ಮವನ್ನು ಚೆನ್ನಾಗಿ ಅರಿತಿದ್ದರು. ಕೊರಿಂಥಿಯರಿಗೆ ಬರೆದ ಮೊದಲನೆಯ ಪತ್ರದ 9ನೆಯ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ನಿಧಾನವಾಗಿ ಓದಿ. ತಮಗಾಗಿ ಅವರು ಏನನ್ನೂ ಪಡೆಯಲಿಲ್ಲ. ಡೇರೆ ಹೊಲಿದು ಹೊಟ್ಟೆ ಹೊರೆದುಕೊಂಡರು. ಆದರೂ ಆ ಅಧ್ಯಾಯದ ಹೆಚ್ಚಿನ ಭಾಗವನ್ನು ಅವರು ಬಳಸಿರುವುದು ಶುಭಸಂದೇಶ ಸಾರುವವರಿಗೆ ಜೀವನೋಪಾಯ ಪಡೆಯುವ ಹಕ್ಕಿದೆ ಎಂದು ವಾದಿಸಲು. ಸೈನಿಕ, ದ್ರಾಕ್ಷಿತೋಟದವನು, ಕುರಿ ಕಾಯುವವನು, ಕಣ ತುಳಿಯುವ ಎತ್ತು, ಒಂದಾದ ಮೇಲೊಂದು ಸಾಕ್ಷಿ ಕೊಡುತ್ತಾರೆ. ಹಕ್ಕು ಎಲ್ಲರದೆಂದು ಗಟ್ಟಿ ಮಾಡಿಟ್ಟು, ಆಮೇಲೆ ನಾನು ಮಾತ್ರ ಅದನ್ನು ಬಳಸಲಿಲ್ಲ ಎನ್ನುತ್ತಾರೆ. ಪೇತ್ರ ಬಳಸಿಕೊಂಡನಲ್ಲ ಎಂದು ಆಡಿಕೊಳ್ಳುವುದಿಲ್ಲ.

ಈ ಜಗಳವನ್ನು ನೆನೆಯುವವರೆಲ್ಲ ಲತಾ ಸರಿಯೋ ರಫಿ ಸರಿಯೋ ಎಂದು ತೂಗುತ್ತಾರೆ. ಉಳಿದ ಹಣ ಯಾರ ಬಳಿ ಇತ್ತೆಂದು ಕೇಳುವವರು ಅಪರೂಪ. ನಿರ್ಮಾಪಕರ ಮೇಲೆ, ಕಂಪನಿಯ ಮೇಲೆ ಯಾರೂ ಗೌರವ ಕಳೆದುಕೊಂಡಂತೆ ಕಾಣುವುದಿಲ್ಲ. ಬಹುಶಃ ಅವರನ್ನು ನಾವು ಪ್ರೀತಿಸಿರಲೇ ಇಲ್ಲ. ಆ ಹಾಡುಗಳ ಹಿಂದೆ ಪಿಟೀಲು, ಟ್ರಂಪೆಟ್, ಪಿಯಾನೋ ಹಿಡಿದು ಕುಳಿತವರಲ್ಲಿ ಬಹುಮಂದಿ ಗೋವೆಯ ಕಥೋಲಿಕರು. ಅಲ್ಲಿನ ದೇವಾಲಯಗಳ ಸಂಗೀತ ಶಾಲೆಗಳಲ್ಲಿ ಸ್ವರಲಿಪಿ ಕಲಿತು ಮುಂಬಯಿಗೆ ಬಂದವರು. ಶಂಕರ್-ಜೈಕಿಶನ್ ಅವರ ವಾದ್ಯಸಂಯೋಜನೆ ಮಾಡಿದ ಸೆಬಾಸ್ಟಿಯನ್ ಡಿಸೋಜ, ಪ್ಯಾರೇಲಾಲ್ ಅವರಿಗೆ ಪಿಟೀಲು ಕಲಿಸಿದ ಆಂಥನಿ ಗೊನ್ಸಾಲ್ವಿಸ್ ಅವರಂಥವರು. ದಿನದ ಕೆಲಸಕ್ಕೆ ದಿನದ ಹಣ. ಚಿತ್ರದಲ್ಲಿ ಹೆಸರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಮ್ಮವರೇ ಆದ ಇವರ ಕೂಲಿಯ ಪ್ರಶ್ನೆಯನ್ನು ನಾವಾದರೂ ಎಂದಾದರೂ ಕೇಳಿದ್ದೇವೆಯೇ?

ಕಾನೂನು ನಿಧಾನವಾಗಿ ಬಂತು. 1977ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಿನಿಮಾ ಸಂಗೀತದ ಹಕ್ಕಿನ ಮೊಕದ್ದಮೆಯನ್ನು ತೀರ್ಮಾನಿಸಿದಾಗ, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ತಮ್ಮ ಪ್ರತ್ಯೇಕ ಟಿಪ್ಪಣಿಯಲ್ಲಿ ನಮ್ಮ ಕಾಯಿದೆ ಹಾಡುವವನಿಗೆ ಏನನ್ನೂ ಕೊಟ್ಟಿಲ್ಲವೆಂದು ಮರುಗಿದರು. 1994ರ ತಿದ್ದುಪಡಿ ಕಲಾವಿದರ ಹಕ್ಕನ್ನು ಮೊದಲ ಸಲ ಗುರುತಿಸಿತು. 2012ರ ತಿದ್ದುಪಡಿ ಬಂದ ಮೇಲೆಯೇ ಹಾಡಿದವರಿಗೂ ವಾಣಿಜ್ಯ ಬಳಕೆಯ ರಾಯಲ್ಟಿಯ ಹಕ್ಕು ಸ್ಪಷ್ಟವಾಯಿತು. ಹಾಡು ಬರೆದವರೂ ರಾಗ ಹಾಕಿದವರೂ ತಮ್ಮ ರಾಯಲ್ಟಿಯ ಪಾಲನ್ನು ನಿರ್ಮಾಪಕರಿಗೆ ಕರಾರಿನಲ್ಲಿ ಬರೆದುಕೊಡುವಂತೆಯೇ ಇಲ್ಲ ಎಂದೂ ಆ ಕಾನೂನು ಹೇಳಿತು. ಲಿಯೋ ಜಗದ್ಗುರುಗಳು ಕೇಳಿದ್ದರೆ ತಲೆದೂಗುತ್ತಿದ್ದರು. ರಫಿಯವರು 1980ರಲ್ಲೇ ತೀರಿಕೊಂಡಿದ್ದರು. ಲತಾ ಅವರಿಗೆ ಆಗ ಎಂಬತ್ತು ದಾಟಿತ್ತು.

ಇದೆಲ್ಲ ಮುಂಬಯಿಯ ಮಾತಾಯಿತು. ನಮ್ಮ ಮನೆಗಳಲ್ಲಿ ಏನು ನಡೆಯುತ್ತಿದೆ? ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತ ತಂದೆಯ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲೆಂದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಹೇಳುತ್ತದೆ. ಆದರೆ ಮದುವೆಯಾಗಿ ಹೋದ ಮಗಳು ಬಂದು ಪಾಲು ಕೇಳಿದರೆ, "ನಿನ್ನ ಅಕ್ಕ ನೋಡು, ಸಹಿ ಹಾಕಿ ಸುಮ್ಮನೆ ಹೋದಳು, ಬಂಗಾರದಂಥವಳು" ಎನ್ನುತ್ತೇವೆ. ಕೇಳಿದವಳು ದುರಾಸೆಯವಳು, ಕೇಳದವಳು ಸಂತಳು. ಎರಡೂ ಪಾಲು ಇಟ್ಟುಕೊಂಡ ಅಣ್ಣನ ಬಗ್ಗೆ ಮಾತೇ ಇಲ್ಲ. ದೇವಾಲಯದ ಮದುವೆಗಳಲ್ಲೂ ಅಷ್ಟೇ. ಹೂವಿನವನಿಗೆ, ವಿಡಿಯೋದವನಿಗೆ, ಅಡಿಗೆಯವನಿಗೆ ಕೇಳಿದಷ್ಟು ಎಣಿಸಿ ಕೊಡುವ ಮನೆಯವರು, ಬಲಿಪೂಜೆಗೆ ಕೀಬೋರ್ಡ್ ನುಡಿಸಿದ ಹುಡುಗ ಬಸ್ಸಿನ ಖರ್ಚು ಕೇಳಿದರೆ "ದೇವರ ಸೇವೆಯಲ್ಲವೇನಪ್ಪಾ" ಎನ್ನುತ್ತಾರೆ. ಸೇವೆ ಎಂದು ಹೇಳಬೇಕಾದವನು ಆ ಹುಡುಗ, ನಾವಲ್ಲ.

ಹಾಗಾದರೆ ಲತಾ ಅವರದು ಎಲ್ಲವೂ ಸರಿಯೇ? ಕೇಳಿದ್ದು ಸರಿ. ಹಕ್ಕಿನ ಮಾತು ಮುಗಿದ ಮೇಲೂ ಬಾಗಿಲು ಮುಚ್ಚಿಕೊಂಡದ್ದು ಬೇರೆ ವಿಷಯ, ಅದರಲ್ಲಿ ಇಬ್ಬರದೂ ಪಾಲಿದೆ. ಆ ಬಾಗಿಲು ತೆರೆಯಿತು. ಸಂಗೀತ ನಿರ್ದೇಶಕ ಜೈಕಿಶನ್ ನಡುವೆ ನಿಂತು ರಾಜಿ ಮಾಡಿಸಿದರೆಂದು ಹೇಳುತ್ತಾರೆ. 1967ರ 'ಜ್ಯುವೆಲ್ ಥೀಫ್' ಚಿತ್ರದಲ್ಲಿ ಇಬ್ಬರ ದನಿ ಮತ್ತೆ ಕೂಡಿ ಕೇಳಿಸಿತು. ಕನ್ನಡಿಗರಿಗೆ ಆ ವರ್ಷ ಇನ್ನೊಂದು ಕಾರಣಕ್ಕೂ ನೆನಪಿರಬೇಕು: 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಚಿತ್ರಕ್ಕೆ ಲತಾ, 'ಒಂದೇ ಬಳ್ಳಿಯ ಹೂಗಳು' ಚಿತ್ರಕ್ಕೆ ರಫಿ ನಮ್ಮ ಭಾಷೆಯಲ್ಲಿ ಹಾಡಿದ್ದು ಆಗಲೇ. ರಫಿಯವರು ತಮಗೆ ಕ್ಷಮೆ ಕೇಳಿ ಪತ್ರ ಬರೆದಿದ್ದರೆಂದು 2012ರಲ್ಲಿ ಲತಾ ಹೇಳಿದಾಗ ರಫಿಯವರ ಮಗ ಅದನ್ನು ಅಲ್ಲಗಳೆದರು. ಐವತ್ತು ವರ್ಷದ ಹಿಂದಿನ ಜಗಳದಲ್ಲಿ ಮೊದಲು ಬಾಗಿದವರು ಯಾರೆಂಬುದು ಕೊನೆಯವರೆಗೂ ನೋಯುತ್ತಿತ್ತು. ಅಷ್ಟೊಂದು ಇಂಪಾಗಿ ಹಾಡಿದವರಿಗೂ ಇದು ಸುಲಭವಾಗಲಿಲ್ಲ.

ಸಂತ ತೋಮಸ್ ಅಕ್ವಿನಾಸರು ವರದಾನಗಳ ಬಗ್ಗೆ ಬರೆಯುವಾಗ, ಇತರರ ಒಳಿತಿಗಾಗಿ ಕೊಟ್ಟ ವರವೇ ಬೇರೆ, ಪಡೆದವನನ್ನು ಪುನೀತಗೊಳಿಸುವ ವರಪ್ರಸಾದವೇ ಬೇರೆ ಎಂದು ವಿಂಗಡಿಸುತ್ತಾರೆ. ಕಂಠವೂ ಮೊದಲಿನ ಬಗೆಗೆ ಹತ್ತಿರದ್ದು. ಅದು ಕೇಳುವವರಿಗಾಗಿ ಇದೆ. ಹಾಡಿನ ಇಂಪನ್ನು ಕೇಳಿ ಹಾಡಿದವರ ಹೃದಯವೂ ಹಾಗೆಯೇ ಎಂದು ನಂಬಿದವರು ನಾವು. ಅವರು ಆ ಮಾತು ಕೊಟ್ಟಿರಲಿಲ್ಲ.

ಪೌಲರಿಗೂ ಇಂಥದೊಂದು ಜಗಳವಿತ್ತು. ಅಂತಿಯೋಕ್ಯದಲ್ಲಿ ಮಾರ್ಕನನ್ನು ಕರೆದೊಯ್ಯುವ ವಿಷಯಕ್ಕೆ ಬಾರ್ನಬನೊಡನೆ ಮಾತಿಗೆ ಮಾತು ಬೆಳೆದು, ಇಬ್ಬರೂ ಬೇರೆ ಬೇರೆ ದಾರಿ ಹಿಡಿದರೆಂದು ಪ್ರೇಷಿತರ ಕಾರ್ಯಕಲಾಪಗಳು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಕೆಲವು ವರ್ಷಗಳ ನಂತರ ಕೊರಿಂಥಿಯರಿಗೆ ಆ 9ನೆಯ ಅಧ್ಯಾಯ ಬರೆಯುವಾಗ, ದುಡಿಮೆಯನ್ನು ಬಿಟ್ಟು ಸಭೆಯಿಂದ ಜೀವನೋಪಾಯ ಪಡೆಯುವ ಹಕ್ಕು ನನಗೂ ಇವನಿಗೂ ಮಾತ್ರ ಇಲ್ಲವೇ ಎಂದು ಕೇಳುತ್ತಾ, ಪೌಲರು ತಮ್ಮ ಪಕ್ಕದಲ್ಲಿ ಒಬ್ಬನ ಹೆಸರನ್ನು ಬರೆದರು. ಆರನೆಯ ವಾಕ್ಯ. ಹೆಸರು ಬಾರ್ನಬ.