ಎಂಟನೆಯ ಹುಟ್ಟು

ಎಂಟು ಜನರ ದೋಣಿಯಲ್ಲಿ ಒಬ್ಬರು ಹುಟ್ಟು ಹಾಕುವುದನ್ನು ನಿಲ್ಲಿಸಿದರೆ ಎಷ್ಟು ನಷ್ಟ? ಎಷ್ಟು ತಪ್ಪು? ಮೊದಲನೆಯದು ಭೌತಶಾಸ್ತ್ರದ ಪ್ರಶ್ನೆ, ಎರಡನೆಯದು ನೀತಿಯದು. ನಷ್ಟ ಎಷ್ಟೋ ತಪ್ಪೂ ಅಷ್ಟೇ ಎಂದು ನಾನು ಬಹಳ ಕಾಲ ನಂಬಿದ್ದೆ.

2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಹೀಗೇ ಆಯಿತು. ಮಹಿಳೆಯರ ಎಂಟು ಹುಟ್ಟಿನ ದೋಣಿಗಳ ಅಂತಿಮ ಸ್ಪರ್ಧೆ, ದೂರ 2000 ಮೀಟರ್. ಕೊನೆಯ 500 ಮೀಟರ್ ಒಳಗೆ ಆಸ್ಟ್ರೇಲಿಯಾ ದೋಣಿಯ ಒಬ್ಬ ಆಟಗಾರ್ತಿ ಎಳೆಯುವುದನ್ನು ಬಿಟ್ಟು ಹಿಂದಕ್ಕೆ ಒರಗಿಬಿಟ್ಟರು. ಉಳಿದ ಏಳು ಜನ ಹೇಗೋ ಗುರಿ ಮುಟ್ಟಿಸಿದರು. ಆರು ದೋಣಿಗಳಲ್ಲಿ ಅವರದೇ ಕೊನೆಯದು. ಜೊತೆಗಾರ್ತಿಯರು ಬಹಿರಂಗವಾಗಿಯೇ ಸಿಟ್ಟಾದರು. ಅವರ ದೇಶದಲ್ಲಿ ಆಕೆಗೆ ಅಣಕದ ಹೆಸರೊಂದು ಅಂಟಿಕೊಂಡಿತು.

ಆಕೆ ಬಿಟ್ಟದ್ದು ಏನನ್ನು ಎಂಬುದನ್ನು ಮೊದಲು ನೋಡೋಣ. ಹುಟ್ಟು ನೀರನ್ನು ಹಿಂದಕ್ಕೆ ತಳ್ಳುತ್ತದೆ, ದೋಣಿ ಮುಂದಕ್ಕೆ ಹೋಗುತ್ತದೆ ಎಂದು ಶಾಲೆಯಲ್ಲಿ ಕಲಿಯುತ್ತೇವೆ. ಮಾತು ನಿಜ, ಆದರೆ ಒಳ್ಳೆಯ ಹುಟ್ಟು ನೀರನ್ನು ಆದಷ್ಟು ಕಡಿಮೆ ಕದಲಿಸುತ್ತದೆ. ಅಲಗು ನೀರಿನಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇರಬೇಕು. ಅದನ್ನು ಊರುಗೋಲಾಗಿಸಿಕೊಂಡು ದೋಣಿ ಅದರ ಪಕ್ಕದಿಂದ ಸಾಗಿಹೋಗಬೇಕು. ಅಲಗು ಜಾರಿದಷ್ಟೂ ಶಕ್ತಿ ನೀರು ಕಲಕುವುದರಲ್ಲಿ ಪೋಲಾಗುತ್ತದೆ. 1990ರ ದಶಕದ ಆರಂಭದಲ್ಲಿ ಎಲೆಯಾಕಾರದ ಅಲಗಿನ ಜಾಗಕ್ಕೆ ಕೊಡಲಿಯ ಬಾಯಂಥ ಅಗಲ ಅಲಗು ಬಂದದ್ದು ಇದೇ ಕಾರಣಕ್ಕೆ. ಹೆಚ್ಚು ನೀರನ್ನು ನಿಧಾನವಾಗಿ ತಳ್ಳಿದರೆ ಸಿಗುವ ಬಲ ಅಷ್ಟೇ ಇರುತ್ತದೆ, ಪೋಲು ಕಡಿಮೆಯಾಗುತ್ತದೆ.

ಇನ್ನು ನಷ್ಟದ ಲೆಕ್ಕ. ದೋಣಿಗೆ ನೀರು ಒಡ್ಡುವ ತಡೆ ಸುಮಾರಾಗಿ ವೇಗದ ವರ್ಗದಂತೆ ಏರುತ್ತದೆ. ಬೇಕಾಗುವ ಶಕ್ತಿ ವೇಗದ ಘನದಂತೆ. ಹಾಗಾಗಿ ಎಂಟರಲ್ಲಿ ಒಂದು ಪಾಲು ಶಕ್ತಿ ಹೋದರೆ ವೇಗ ಎಂಟರಲ್ಲಿ ಒಂದು ಪಾಲು ಇಳಿಯುವುದಿಲ್ಲ, ಶೇಕಡ 4ರಿಂದ 5ರಷ್ಟು ಮಾತ್ರ ಇಳಿಯುತ್ತದೆ. 400 ಮೀಟರ್ ಬಾಕಿ ಇತ್ತು ಎಂದಿಟ್ಟುಕೊಂಡರೆ ಮೂರು, ಮೂರೂವರೆ ಸೆಕೆಂಡು. ಲಯ ತಪ್ಪಿದ್ದು, ಎಡಬಲದ ಎಳೆತ ಏರುಪೇರಾದದ್ದು ಸೇರಿದರೆ ಇನ್ನಷ್ಟು. ಸೆಕೆಂಡಿನ ಚೂರುಗಳಲ್ಲಿ ಪದಕ ತೀರ್ಮಾನವಾಗುವ ಆಟದಲ್ಲಿ ಇದು ಸಣ್ಣದಲ್ಲ. ವರ್ಷಗಟ್ಟಲೆ ಬೆವರು ಸುರಿಸಿದ ಆ ಏಳು ಜನರ ಸಿಟ್ಟು ನನಗೆ ಅರ್ಥವಾಗುತ್ತದೆ.

ಆದರೆ ಇದೇ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ. ಒಬ್ಬರು ಪೂರ್ತಿ ನಿಲ್ಲಿಸದೆ ಅರ್ಧ ಬಲದಲ್ಲಿ ಎಳೆದರೆ ವೇಗ ಇಳಿಯುವುದು ಶೇಕಡ 2ರಷ್ಟು. ಅದನ್ನು ಯಾರು ಕಂಡಾರು? ಎಂಟು ಹುಟ್ಟುಗಳೂ ಒಟ್ಟಿಗೆ ಮುಳುಗಿ ಒಟ್ಟಿಗೆ ಏಳುತ್ತಿರುತ್ತವೆ. ಅಲಗು ಕಣ್ಣಿಗೆ ಬೀಳುತ್ತದೆ, ಪಿಡಿಯ ಮೇಲಿನ ಬಲ ಬೀಳುವುದಿಲ್ಲ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ 1913ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ, ಹಗ್ಗ ಎಳೆಯುವ ಗುಂಪು ದೊಡ್ಡದಾದಂತೆ ಒಬ್ಬೊಬ್ಬರ ಪಾಲಿನ ಎಳೆತ ಕಡಿಮೆಯಾಗಿತ್ತು. ಹೊಂದಾಣಿಕೆಯ ಕೊರತೆ ಅದಕ್ಕೊಂದು ಕಾರಣ, ಮೈಗಳ್ಳತನವೂ ಇದ್ದೀತು.

ಇಲ್ಲಿಗೆ ಬಂದಾಗ ನನಗೆ ನನ್ನದೇ ನೆನಪಾಯಿತು. ಕಾಲೇಜಿನಲ್ಲಿ ನಾವು ನಾಲ್ವರು ಸೇರಿ ಒಂದು ಸಂಶೋಧನಾ ವರದಿ ಬರೆಯಬೇಕಿತ್ತು. ಒಬ್ಬಳು ಕೊನೆಯ ವಾರ ಕಾಯಿಲೆ ಬಿದ್ದು ತನ್ನ ಅಧ್ಯಾಯವನ್ನು ಕೈಬಿಟ್ಟಳು. ಉಳಿದ ಇಬ್ಬರ ಜೊತೆ ನಾನೂ ಅವಳ ಮೇಲೆ ಮುನಿದೆ, ತಿಂಗಳುಗಟ್ಟಲೆ ನೆಟ್ಟಗೆ ಮಾತಾಡಲಿಲ್ಲ. ನನ್ನ ಅಧ್ಯಾಯವನ್ನು ನಾನು ಎರಡು ರಾತ್ರಿಯಲ್ಲಿ, ಓದದ ಪುಸ್ತಕಗಳನ್ನು ಓದಿದವನಂತೆ ಗೀಚಿ ಮುಗಿಸಿದ್ದೆ. ಅಂಕ ಬಂತು, ಯಾರೂ ಕೇಳಲಿಲ್ಲ. ಅವಳು ಕೈಬಿಡುವವರೆಗೆ ಪೂರ್ತಿ ಬಲದಿಂದ ಎಳೆದಿದ್ದಳು. ನಾನು ಮೊದಲಿನಿಂದ ಕೊನೆಯವರೆಗೂ ಅರ್ಧವೇ ಎಳೆದಿದ್ದೆ.

ನಷ್ಟವನ್ನು ಅಳೆಯುವ ಕೋಲಿನಿಂದ ತಪ್ಪನ್ನು ಅಳೆಯಲಾಗದು. ಅವಳಿಂದಾದ ನಷ್ಟ ದೊಡ್ಡದು, ತಪ್ಪು ಬಹುಶಃ ಇಲ್ಲವೇ ಇಲ್ಲ. ನನ್ನಿಂದಾದ ನಷ್ಟ ಕಾಣದಷ್ಟು ಚಿಕ್ಕದು, ತಪ್ಪು ಪೂರ್ತಿ ನನ್ನದು. ಜೊತೆಗಾರರಿಗೆ ನಾವು ಕೊಡುವ ಮಾತು ಎಂದೂ ಸೋಲುವುದಿಲ್ಲ ಎಂಬುದಲ್ಲ. ದೇಹದ ಪರವಾಗಿ ಅಂಥ ಮಾತನ್ನು ಯಾರೂ ಕೊಡಲಾರರು. ಕೈಯಲ್ಲಿ ಬಲ ಇರುವಷ್ಟು ಹೊತ್ತು ಎಳೆಯುವವರಂತೆ ನಟಿಸುವುದಿಲ್ಲ, ನಿಜವಾಗಿ ಎಳೆಯುತ್ತೇವೆ ಎಂಬುದಷ್ಟೇ ಆ ಮಾತು.

ಅಥೆನ್ಸ್‌ನ ಆಟಗಾರ್ತಿ ಆ ಮಾತನ್ನು ಉಳಿಸಿಕೊಂಡರೋ ಇಲ್ಲವೋ ಎಂದು ದಡದಲ್ಲಿ ನಿಂತವರು ಹೇಳಲಾಗದು. ಸಿಟ್ಟಾಗುವ ಹಕ್ಕು ಆ ದೋಣಿಯಲ್ಲಿದ್ದವರಿಗೆ ಇದ್ದೀತು. ನನ್ನ ದೋಣಿಯಲ್ಲಿ ನಾನೂ ಕೂತಿದ್ದೆ, ಆದರೂ ಅವಳ ಮೇಲೆ ಮುನಿಯುವ ಹಕ್ಕು ನನಗಿರಲಿಲ್ಲ. ಇದನ್ನು ಅವಳಿಗೆ ನಾನು ಇನ್ನೂ ಹೇಳಿಲ್ಲ.