ಮೇಜಿನ ನಡುವೆ ಸೇವಂತಿಗೆ

ಹೋದ ವರ್ಷ ಥ್ಯಾಂಕ್ಸ್‌ಗಿವಿಂಗ್ ದಿನ ನಮ್ಮ ಟೀಮಿನ ಹಿರಿಯರೊಬ್ಬರು ಊಟಕ್ಕೆ ಕರೆದಿದ್ದರು. ನಾನು ನ್ಯೂಜೆರ್ಸಿಗೆ ಬಂದು ಆಗ ಮೂರು ವರ್ಷ. ಏನು ತರಲಿ ಅಂತ ಕೇಳಿದ್ದಕ್ಕೆ, "ಅಡುಗೆ ಎಲ್ಲಾ ನಮ್ಮದೇ, ನೀನು ಮೇಜಿನ ನಡುವೆ ಇಡೋಕೆ ಹೂವು ತಗೊಂಡು ಬಾ" ಅಂದರು. ಜೊತೆಗೆ ಎರಡು ಷರತ್ತು. ಹೂವು ಗಿಡ್ಡಕ್ಕಿರಬೇಕು, ಎದುರಿಗೆ ಕೂತವರ ಮುಖ ಕಾಣಬೇಕು. ಘಮ ಜಾಸ್ತಿ ಇರಬಾರದು, ಊಟದ ವಾಸನೆ ಕೆಡುತ್ತೆ. ಮೊದಲನೆಯದು ಸರಿ ಅನ್ನಿಸಿತು. ಎರಡನೆಯದಕ್ಕೆ ನಗು ಬಂತು. ಘಮ ಬೇಡ ಅಂದರೆ ನಮ್ಮ ಮಲ್ಲಿಗೆಯಲ್ಲಿ ಇನ್ನೇನು ಉಳಿಯುತ್ತೆ ಹೇಳಿ!

ಈ ಹಬ್ಬ ಬರೋದು ನವೆಂಬರ್ ತಿಂಗಳ ನಾಲ್ಕನೇ ಗುರುವಾರ. ಅಷ್ಟು ಹೊತ್ತಿಗೆ ಇಲ್ಲಿ ಮರಗಳೆಲ್ಲ ಬೋಳು. ಆದರೆ ಅಂಗಡಿಯೊಳಗೆ ಮಾತ್ರ ಶರತ್ಕಾಲ ಮುಗಿದೇ ಇರಲ್ಲ. ಪುಟಾಣಿ ಕುಂಬಳಕಾಯಿ, ಒಣಗಿದ ಜೋಳದ ತೆನೆ, ಗೋಧಿ ತೆನೆಯ ಕಟ್ಟು, ಹಳದಿ, ಕಿತ್ತಳೆ, ತುಕ್ಕಿನ ಬಣ್ಣದ ಹೂವುಗಳು. ಒಂದು ಬಕೆಟ್ಟಿನ ಮುಂದೆ ನಿಂತುಬಿಟ್ಟೆ. ಸೇವಂತಿಗೆ. ಒಂದು ಕಟ್ಟಿಗೆ ಹತ್ತು ಡಾಲರ್. ಕವರಿನ ಮೇಲೆ ಕೊಲಂಬಿಯಾ ಅಂತ ಅಚ್ಚಾಗಿತ್ತು. ಅಮೆರಿಕದ ಮೇಜುಗಳಿಗೆ ಬರುವ ಹೂವಿನಲ್ಲಿ ಬಹುಪಾಲು ಬೆಳೆಯೋದು ಕೊಲಂಬಿಯಾ, ಈಕ್ವೆಡಾರ್‌ಗಳಲ್ಲಿ. ವಿಮಾನದಲ್ಲಿ ಮಯಾಮಿಗೆ ಬಂದಿಳಿದು, ಅಲ್ಲಿಂದ ತಣ್ಣನೆಯ ಲಾರಿಗಳಲ್ಲಿ ಊರೂರಿಗೆ ಹೋಗುತ್ತೆ.

ಈ ಹೂವಿನ ಕಷ್ಟ ನನಗೆ ಗೊತ್ತು. ತುಮಕೂರು ಕಡೆಯ ನಮ್ಮೂರಲ್ಲಿ ಅಪ್ಪ ಅರ್ಧ ಎಕರೆ ಸೇವಂತಿಗೆ ಹಾಕುತ್ತಿದ್ದ. ಹಗಲು ಕುಗ್ಗಿ ರಾತ್ರಿ ಉದ್ದವಾದರೆ ಈ ಗಿಡ ಮೊಗ್ಗು ಹಿಡಿಯುತ್ತೆ. ದುಡ್ಡಿದ್ದವರು ರಾತ್ರಿ ಹೊಲದಲ್ಲಿ ಬಲ್ಬು ಉರಿಸಿ, ಗಿಡಕ್ಕೆ ಇನ್ನೂ ಹಗಲೇ ಅಂತ ನಂಬಿಸಿ, ಹೂವನ್ನು ತಮಗೆ ಬೇಕಾದಾಗ ಬಿಡಿಸುತ್ತಾರೆ. ನಮಗೆ ಆ ಶಕ್ತಿ ಇರಲಿಲ್ಲ. ಎಲ್ಲರ ಹೂವು ಬಂದಾಗಲೇ ನಮ್ಮದೂ ಬರುತ್ತಿತ್ತು. ಆಯುಧಪೂಜೆ ಹಿಂದಿನ ದಿನ ಕೇಳಿದಷ್ಟು ರೇಟು, ಹಬ್ಬ ಮುಗಿದ ಮಾರನೇ ದಿನ ಕೇಳೋರೇ ಇಲ್ಲ.

ನಾನು ಸೆಕೆಂಡ್ ಪಿಯುಸಿ ಓದುವಾಗ ಒಂದು ಸಲ ಅಪ್ಪ ಐದು ಚೀಲ ಹೂವು ಬಸ್ಸಿನ ಮೇಲೆ ಹಾಕಿಕೊಂಡು ಮಾರ್ಕೆಟ್ಟಿಗೆ ಹೋದ. ಅಲ್ಲಿ ಹೇಳಿದ ರೇಟಿಗೆ ಬಸ್ಸಿನ ಲಗೇಜು ಕೂಡ ಹುಟ್ಟುತ್ತಿರಲಿಲ್ಲವಂತೆ. ಹೂವನ್ನೆಲ್ಲ ರಸ್ತೆ ಬದಿಗೆ ಸುರಿದು ಬಂದ. ಚೀಲಗಳನ್ನು ಮಾತ್ರ ಒಪ್ಪವಾಗಿ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ನಾನು ಜಗಲಿ ಮೇಲೆ ಪುಸ್ತಕ ಹಿಡಿದುಕೊಂಡು ಕೂತಿದ್ದೆ. ನೋಡಿಯೂ ನೋಡದವನ ಹಾಗೆ ಓದುತ್ತಾ ಇದ್ದೆ. ಮುಂದೆ ನನ್ನ ಬಿಇ ಫೀಸಿಗೂ ದುಡಿದಿದ್ದು ಅದೇ ಅರ್ಧ ಎಕರೆ.

ಊಟದ ಮನೆಯಲ್ಲಿ ಹೂವಿನ ಕಡ್ಡಿಗಳನ್ನು ಗೇಣಿಗಿಂತ ಚಿಕ್ಕದಾಗಿ ಕತ್ತರಿಸಿ ಗಾಜಿನ ಬೋಗುಣಿಯಲ್ಲಿಟ್ಟೆವು. ಚೆನ್ನಾಗಿಯೇ ಕಾಣುತ್ತಿತ್ತು. ತಿನ್ನೋಕೆ ಮೊದಲು ಒಬ್ಬೊಬ್ಬರೂ ತಮಗೆ ಯಾವುದರ ಬಗ್ಗೆ ಕೃತಜ್ಞತೆ ಇದೆ ಅಂತ ಹೇಳೋದು ಅವರ ಮನೆಯ ಪದ್ಧತಿ. ಆರೋಗ್ಯ, ಹೊಸ ಮನೆ, ಮೊಮ್ಮಗನಿಗೆ ಅವನ ನಾಯಿ. ನನ್ನ ಸರದಿ ಬಂದಾಗ "ಒಳ್ಳೆ ಕೆಲಸ, ಒಳ್ಳೆ ಟೀಮು" ಅಂದೆ. ಎಲ್ಲರೂ ನಕ್ಕು ತಲೆಯಾಡಿಸಿದರು. ನನ್ನ ಕಣ್ಣು ಮಾತ್ರ ಸೇವಂತಿಗೆ ಮೇಲೆಯೇ ಇತ್ತು. ಏನಕ್ಕೆ ಅಂತ ಎಲ್ಲರೂ ಹೇಳಿದೆವು, ಯಾರಿಗೆ ಅಂತ ಯಾರೂ ಹೇಳಲಿಲ್ಲ.

ಈ ಹಬ್ಬದ ಕಥೆಯೂ ಹಾಗೇ ಇದೆ. 1621ರಲ್ಲಿ ಪ್ಲಿಮತ್‌ನಲ್ಲಿ ಇಂಗ್ಲಿಷರು ಸುಗ್ಗಿಯ ಊಟ ಮಾಡಿದಾಗ ವಾಂಪನೋಗ್ ಜನ ತೊಂಬತ್ತು ಮಂದಿ ಅವರ ಜೊತೆ ಮೂರು ದಿನ ಇದ್ದರು. ಐದು ಜಿಂಕೆ ಬೇಟೆಯಾಡಿ ತಂದೂ ಕೊಟ್ಟರು. ಮುಂದೆ ಅವರ ನೆಲ ಅವರ ಕೈಲಿ ಉಳಿಯಲಿಲ್ಲ. 1970ರಿಂದ ಮೂಲನಿವಾಸಿಗಳು ಪ್ರತಿ ವರ್ಷ ಇದೇ ದಿನ ಪ್ಲಿಮತ್‌ನಲ್ಲಿ ಸೇರಿ ಶೋಕದ ದಿನ ಆಚರಿಸುತ್ತಾರೆ. ಅವತ್ತು ಎದುರಿಗೆ ಕೂತು ಉಂಡವರ ಮುಖ ಇವತ್ತಿನ ಮೇಜಿನಿಂದ ಕಾಣಲ್ಲ.

ಹಾಗಂತ ನಾವೇನೋ ಮೇಲು ಅಂತ ಬೀಗೋ ಹಾಗಿಲ್ಲ. ದೇವರಿಗೆ ಇಡುವ ಹೂವನ್ನು ನಾವು ಮೂಸಿ ಕೂಡ ನೋಡಲ್ಲ. ಬಾಡಿದ ಮೇಲೂ ಯಾರೂ ತುಳಿಯದ ಹಾಗೆ ಗಿಡದ ಬುಡಕ್ಕೆ ಹಾಕುತ್ತೇವೆ. ಹೂವಿಗೆ ಇಷ್ಟು ಮರ್ಯಾದೆ. ಅದನ್ನು ಕಟ್ಟಿದ ಹೆಂಗಸಿನ ಹತ್ತಿರ ಮಾತ್ರ "ಇನ್ನೊಂದು ಮೊಳ ಹಾಕಮ್ಮ" ಅಂತ ಜಗ್ಗಾಡುತ್ತೇವೆ. ಇನ್ನು ಮನೆಯವರಿಗೆ ಥ್ಯಾಂಕ್ಸ್ ಹೇಳೋದು ನಮ್ಮಲ್ಲಿ ಇಲ್ಲವೇ ಇಲ್ಲ. ಮನೆಯವರಿಗೆ ಯಾರಾದರೂ ಥ್ಯಾಂಕ್ಸ್ ಹೇಳ್ತಾರಾ, ಅದು ಪರಕೀಯರಿಗೆ ಹೇಳೋ ಮಾತು ಅಂತೀವಿ. ಅದು ನಮ್ಮ ದೊಡ್ಡತನ ಅಂತಲೇ ಅಂದುಕೊಂಡಿದ್ದೆ. ನನ್ನ ಮಟ್ಟಿಗಂತೂ ಅದು ಬರೀ ಅನುಕೂಲ ಆಗಿತ್ತೇನೋ ಅಂತ ಈಗ ಅನುಮಾನ.

ರಾತ್ರಿ ಒಂಬತ್ತಕ್ಕೆ ರೂಮಿಗೆ ಬಂದು ಊರಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗ್ಗೆ ಏಳೂವರೆ.

"ಅಪ್ಪಾ, ಇಲ್ಲಿ ಒಂದು ಕಟ್ಟು ಸೇವಂತಿಗೆಗೆ ಎಂಟುನೂರು ರೂಪಾಯಿ. ಊಟ ಆದ್ಮೇಲೆ ಕಸದ ಬುಟ್ಟಿಗೆ ಹಾಕ್ತಾರೆ. ನಾನೂ ಎರಡು ಕಟ್ಟು ತಗೊಂಡೆ. ಯಾಕೋ ತಪ್ಪು ಅನ್ಸುತ್ತೆ."

"ತಪ್ಪೇನು ಬಂತಪ್ಪಾ? ಕಾಸು ಕೊಟ್ಟು ತಾನೆ ತಗಂಡಿದ್ದು? ಮುಡಿಗಾದ್ರೂ ಹೋಗ್ಲಿ, ಗುಡಿಗಾದ್ರೂ ಹೋಗ್ಲಿ, ಮೇಜಿಗಾದ್ರೂ ಹೋಗ್ಲಿ. ಮಾರ್ಕೆಟ್ಟಲ್ಲಿ ಬೀದಿಪಾಲಾಗಬಾರ್ದು, ಅಷ್ಟೆ."

ಕೊಳ್ಳೋದೇ ತಪ್ಪು ಅಂತ ನಾನು ಕಟ್ಟಿಕೊಂಡಿದ್ದ ವಾದ ಅಲ್ಲಿಗೆ ಬಿದ್ದುಹೋಯಿತು. ನಾನು ಕೊಳ್ಳದೆ ಪುಣ್ಯ ಕಟ್ಟಿಕೊಂಡರೆ, ಕೊಲಂಬಿಯಾದಲ್ಲಿ ಇನ್ಯಾರದೋ ಅಪ್ಪ ಖಾಲಿ ಕೈಯಲ್ಲಿ ಮನೆಗೆ ಹೋಗಬೇಕು.

"ಅವತ್ತು ಹೂವು ಸುರಿದು, ಖಾಲಿ ಚೀಲ ಮಡಿಚ್ಕೊಂಡು ಬಂದಿದ್ದೆಯಲ್ಲಪ್ಪಾ, ನೆನಪೈತಾ?"

ಸ್ವಲ್ಪ ಹೊತ್ತು ಮಾತಿಲ್ಲ.

"ನೀನು ನೋಡಿದ್ದಾ?"

"ನೋಡಿದ್ದೆ. ಹೇಳಿರ್ಲಿಲ್ಲ."

"ಹೂಂ" ಅಂದ ಅಪ್ಪ. ಆಮೇಲೆ ಅಲ್ಲಿ ಚಳಿ ಹೆಂಗೈತೆ ಅಂತ ಕೇಳಿದ. ಥ್ಯಾಂಕ್ಸ್ ಅನ್ನೋ ಮಾತು ಅವತ್ತೂ ನನ್ನ ಬಾಯಿಂದ ಬರಲಿಲ್ಲ. ಆದರೆ ನೋಡಿದ್ದೆ ಅಂತ ಹೇಳೋಕೇ ನನಗೆ ಅಷ್ಟು ವರ್ಷ ಬೇಕಾಯಿತು. ಕೃತಜ್ಞತೆ ಅಲ್ಲಿಂದಲೇ ಶುರುವಾಗೋದೇನೋ.

ಈ ವರ್ಷವೂ ಊಟಕ್ಕೆ ಕರೆದಿದ್ದಾರೆ. ಹೂವಿನ ಕೆಲಸ ಮತ್ತೆ ನನಗೇ. ಗಿಡ್ಡ ಸೇವಂತಿಗೆಯೇ ಇಡುತ್ತೇನೆ. ಸರದಿ ಬಂದಾಗ ಏನಕ್ಕೆ ಅನ್ನೋದರ ಜೊತೆ ಯಾರಿಗೆ ಅಂತಲೂ ಹೇಳಬೇಕು ಅಂದುಕೊಂಡಿದ್ದೀನಿ. ಅರ್ಧ ನಿಮಿಷ ಜಾಸ್ತಿ ಆಗಬಹುದು. ಅಷ್ಟಕ್ಕೆಲ್ಲ ಊಟ ಆರಲ್ಲ.